ಎಡದವಡೆಯ ಓವರ್‌ಟೈಮ್

ಬಾಗಲಕೋಟೆಯಲ್ಲಿ ದವಡೆ ನೋವು ಅಂತ ಯಾರ ಮುಂದೆಯೂ ಬಾಯಿಬಿಡಬಾರದು. ಒಬ್ಬರು ಲವಂಗ ಇಟ್ಟುಕೋ ಅಂದರು, ಇನ್ನೊಬ್ಬರು ಹಲ್ಲೇ ಕೀಳಿಸು ಅಂದರು, ಪಕ್ಕದ ಮನೆ ಕಾಕಾ ಮಾತ್ರ "ಮನ್ಯಾಗ ಜಗಳ ಏನರ ಆತೇನು?" ಅಂತ ಕೇಳಿದರು.

ನೋವು ಶುರುವಾಗಿದ್ದು ಅಮೀನಗಡದ ಕರದಂಟಿನಿಂದ. ಸಂಬಂಧಿಕರ ಮನೆಯ ಕುಬಸ. ಬೆಲ್ಲ, ಅಂಟು, ಉತ್ತತ್ತಿ ಎಲ್ಲ ಸೇರಿ ಬಿಗಿದುಕೊಂಡಿದ್ದ ತುಂಡನ್ನು ಎಡಗಡೆ ಹಾಕಿಕೊಂಡು ಅಗಿಯುತ್ತಿದ್ದಾಗ ಕಿವಿಯ ಹತ್ತಿರ ಟಕ್ ಅಂತು. ಬಾಯಿ ಅರ್ಧ ತೆರೆದುಕೊಂಡೇ ಕೂತೆ. ನಾನೇನೋ ಮುಖ್ಯವಾದದ್ದು ಹೇಳುತ್ತೇನೆ ಅಂದುಕೊಂಡು ಬೀಗರು ಊಟ ನಿಲ್ಲಿಸಿ ಕಾದರು.

ಹಲ್ಲಿನ ಡಾಕ್ಟರ್ ಮೊದಲು ಹಲ್ಲು ನೋಡಲೇ ಇಲ್ಲ. ಎರಡೂ ಕೆನ್ನೆ ಮೇಲೆ ಬೆರಳಿಟ್ಟು "ಕಚ್ಚಿ" ಅಂದರು. ಎಡಗಡೆ ದವಡೆಯ ಮೂಲೆಯಲ್ಲಿ ಮ್ಯಾಸೆಟರ್ ಅನ್ನೋ ಸ್ನಾಯು ನಿಂಬೆಹಣ್ಣಿನ ಹಾಗೆ ಉಬ್ಬಿತು, ಬಲಗಡೆಯದ್ದು ಕಾಟಾಚಾರಕ್ಕೆ ಅಲ್ಲಾಡಿತು. ಕಣತಲೆಯಲ್ಲೂ ಅಗಿಯೋ ಸ್ನಾಯು ಇದೆಯಂತೆ, ಟೆಂಪೊರಾಲಿಸ್ ಅಂತ. ಅಲ್ಲಿ ಒತ್ತಿದರೆ ಪ್ರಾಣ ಹೋಯಿತು. ಆ ತಲೆನೋವಿಗೆ ನಾನು ಸುಮ್ನೆ ಕನ್ನಡಕವನ್ನು ಬೈಯುತ್ತಿದ್ದೆ! "ಒಂದೇ ಕಡೆ ಅಗೀತೀರಾ?" ಅಂತ ಕೇಳಿದರು. ನಾನು ಯೋಚಿಸುವಷ್ಟರಲ್ಲಿ ಹೆಂಡತಿ "ಲಗ್ನ ಆದಾಗಿಂದ ಎಡಗಡೇನೇ ರೀ" ಅಂದಳು.

ಯಾವ ಕಡೆ ಅಗಿಯುತ್ತೇವೋ ಆ ಕಡೆಯ ಸ್ನಾಯುವಿಗೆ ದುಡಿಮೆ ಜಾಸ್ತಿ. ಇನ್ನೊಂದು ಕಡೆಯದ್ದೂ ಖಾಲಿ ಕೂರುವುದಿಲ್ಲ, ಆದರೆ ಕೆಲಸ ಕಡಿಮೆ. ತುಂಡು ಗಟ್ಟಿ ಇದ್ದಷ್ಟೂ ಹಲ್ಲಿನ ಬುಡದ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಅದು ಇನ್ನೂ ಜೋರು ಹಾಕು ಅನ್ನುತ್ತದೆ. ಈ ವಿಷಯದಲ್ಲಿ ನಮ್ಮ ಖಡಕ್ ರೊಟ್ಟಿ ಸ್ವಲ್ಪ ಸಭ್ಯಸ್ಥ. ಫಟ್ ಅಂತ ಮುರಿಯುತ್ತದೆ, ಮುರಿದ ಕೂಡಲೇ ಸ್ನಾಯು ತಾನಾಗಿ ಸಡಿಲ ಬಿಡುತ್ತದೆ, ಇಲ್ಲದಿದ್ದರೆ ಕೆಳಗಿನ ಹಲ್ಲು ಮೇಲಿನದಕ್ಕೆ ಹೋಗಿ ಅಪ್ಪಳಿಸುತ್ತಿತ್ತು. ಕರದಂಟಿಗೆ ಮುರಿಯೋದೇ ಗೊತ್ತಿಲ್ಲ. ಜಗ್ಗಾಡುತ್ತದೆ, ಅಂಟುತ್ತದೆ, ಮತ್ತೆ ಜಗ್ಗಾಡುತ್ತದೆ.

ಸುಮ್ಮನಿರುವಾಗ ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗಬಾರದು, ಅದು ದವಡೆಗೆ ವಿಶ್ರಾಂತಿ ಅಂದರು ಡಾಕ್ಟರ್. ನಾನೋ, ಟ್ರಾಫಿಕ್‌ನಲ್ಲಿ ನಿಂತಾಗ, ಕರೆಂಟ್ ಬಿಲ್ ನೋಡುವಾಗ, ಮಗನ ಮಾರ್ಕ್ಸ್ ಕೇಳುವಾಗ ಹಲ್ಲು ಕಚ್ಚಿಕೊಂಡೇ ಇರುವವನು. ಕಾಕಾ ಸುಮ್ನೆ ಕೇಳಿರಲಿಲ್ಲ ಅಲ್ವಾ!

"ಸ್ವಲ್ಪ ದಿನ ಮೆತ್ತಗಿರೋದು ತಿನ್ನಿ." ಬೆಳಗಾವಿಯಲ್ಲಿ ಹುಟ್ಟಿದ್ದರೆ ಕುಂದಾ ತಿಂದುಕೊಂಡು ಆರಾಮ ಇರಬಹುದಿತ್ತು. ನಮ್ಮನೆಯಲ್ಲಿ ಡಬ್ಬಿ ತುಂಬಾ ಖಡಕ್ ರೊಟ್ಟಿ. ಬಲಗಡೆ ಅಗಿಯೋಣ ಅಂತ ಹೋದರೆ ನಾಲಿಗೆಗೆ ಆ ದಾರಿಯೇ ಗೊತ್ತಿಲ್ಲ, ಮೊದಲ ತುತ್ತಿಗೇ ಕೆನ್ನೆ ಕಚ್ಚಿಕೊಂಡೆ. ಹೆಂಡತಿ ಈಗ ಊಟದ ನಡುವೆ, ನೆಂಟರಿದ್ದರೂ ಬಿಡದೆ, "ಬಲಗಡೆ, ಬಲಗಡೆ" ಅನ್ನುತ್ತಾಳೆ. ಗೊತ್ತಿಲ್ಲದವರು ಬಲಗಡೆ ತಿರುಗಿ ನೋಡುತ್ತಾರೆ.

ಅಪ್ಪನಿಗೆ ಇದೆಲ್ಲ ತಮಾಷೆ. ಕಟ್ಟಿಸಿದ ಹಲ್ಲಿನ ಸೆಟ್ ಡಬ್ಬಿಯಲ್ಲಿಟ್ಟು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಾ "ನಿನ್ನ ವಯಸ್ಸಿಗೆ ನಾ ಮುಧೋಳದ ಕಬ್ಬು ಹಲ್ಲಿಲೇ ಸಿಗದು ತಿಂತಿದ್ದೆ" ಅಂದರು.

"ಅದಕ್ಕ ಒಂದೂ ಉಳದಿಲ್ಲ" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿ, ನನಗೂ ಒಂದು ಬಟ್ಟಲು ಹಾಲು-ರೊಟ್ಟಿ ತಂದಿಟ್ಟರು.