ಹಡಗಿನವರು ಕೊಡ್ತಾರೆ ಬಿಡಿ ಅನ್ನುವವರಿಗೆ

2025ರ ಮೇ 25ರಂದು ಕೊಚ್ಚಿ ಕಡೆಯ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಅನ್ನುವ ಕಂಟೇನರ್ ಹಡಗು ಮುಳುಗಿತು. ಹಡಗಿನಲ್ಲಿ 640 ಕಂಟೇನರ್ ಇದ್ದವು. 24 ಸಿಬ್ಬಂದಿಯೂ ಬದುಕಿ ಬಂದರು, ಅದೊಂದು ಪುಣ್ಯ. ಹದಿನೈದು ದಿನ ಆಗುವಷ್ಟರಲ್ಲಿ, ಜೂನ್ 9ಕ್ಕೆ, ಕೊಲಂಬೊದಿಂದ ಮುಂಬೈ ಕಡೆ ಹೊರಟಿದ್ದ ವಾನ್ ಹೈ 503 ಹಡಗಿನಲ್ಲಿ ಸ್ಫೋಟ, ಬೆಂಕಿ. ಅದರ 22 ಜನರಲ್ಲಿ 18 ಮಂದಿಯನ್ನು ನೌಕಾಪಡೆ ನಮ್ಮ ಮಂಗಳೂರಿನ ಪಣಂಬೂರು ಬಂದರಿಗೇ ಕರೆತಂದಿತು. ನಾಲ್ವರು ನಾಪತ್ತೆ.

ಆ ತಿಂಗಳು ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಅಷ್ಟು ದೊಡ್ಡ ಕಂಪನಿ, ಇನ್ಶೂರೆನ್ಸ್ ಇರುತ್ತೆ, ಕೊಡ್ತಾರೆ ಬಿಡಿ." ಟಿವಿ ನೋಡುವವರು ಹಾಗೆ ಹೇಳಿದರೆ ಬೇಜಾರಿಲ್ಲ. ಸ್ವತಃ ಸರಕು ಕಳಿಸುವವರು, ತರಿಸುವವರು ಹಾಗೆ ಹೇಳುತ್ತಾರಲ್ಲ, ಅದನ್ನು ಕೇಳಿದರೆ ಬಂದರಿನಲ್ಲಿ ಸರಕಿನ ಸರ್ವೆ (ಸರಕು ಎಷ್ಟು ಹಾಳಾಯಿತು, ಯಾಕೆ ಅಂತ ನೋಡುವ ಕೆಲಸ) ಮಾಡಿಕೊಂಡು ಬದುಕುವ ನನಗೆ ತಲೆ ಬಿಸಿಯಾಗುತ್ತದೆ. ಅದಕ್ಕೇ ಈ ಉದ್ದದ ಪೋಸ್ಟ್. ಕಾಫಿ, ಗೇರು, ಮೆಣಸು, ಗ್ರಾನೈಟ್ ವ್ಯವಹಾರದವರು ದಯವಿಟ್ಟು ಪೂರ್ತಿ ಓದಿ. ಉಳಿದವರು ಟೈಮ್ ಇದ್ದರೆ ಓದಿ.

ಮೊದಲು ಕಾನೂನು. ಹಡಗಿನವರು ನಿಮ್ಮ ಸರಕಿಗೆ ಎಷ್ಟರ ಮಟ್ಟಿಗೆ ಜವಾಬ್ದಾರರು ಅನ್ನುವುದಕ್ಕೆ ನಮ್ಮಲ್ಲಿ 1925ರ ಕಾಯ್ದೆಯೊಂದು ಇತ್ತು. ಅದರ ಬೇರು ಇರುವುದು ಹೇಗ್ ನಿಯಮಗಳು ಅನ್ನುವ ಹಳೆಯ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ. ಅದರಲ್ಲಿ ಎರಡು ವಿನಾಯಿತಿ ನೋಡಿದರೆ ಗಾಬರಿ ಆಗುತ್ತದೆ. ಒಂದು, ಕ್ಯಾಪ್ಟನ್ ಅಥವಾ ಸಿಬ್ಬಂದಿ ಹಡಗು ನಡೆಸುವುದರಲ್ಲಿ ತಪ್ಪು ಮಾಡಿ ಸರಕು ಹಾಳಾದರೆ ಹಡಗಿನ ಕಂಪನಿ ಹೊಣೆಯಲ್ಲ. ಇನ್ನೊಂದು, ಬೆಂಕಿ ಬಿದ್ದರೂ ಹೊಣೆಯಲ್ಲ, ಖುದ್ದು ಮಾಲೀಕರದ್ದೇ ತಪ್ಪು ಅಂತ ತೋರಿಸಿದರೆ ಮಾತ್ರ ಬೇರೆ. ಲಾರಿ ಡ್ರೈವರ್ ಗುಂಡಿಗೆ ಇಳಿಸಿದರೆ ಟ್ರಾನ್ಸ್‌ಪೋರ್ಟಿನವರನ್ನು ಹಿಡಿಯಬಹುದು. ಹಡಗಿನ ಕ್ಯಾಪ್ಟನ್ ಬಂಡೆಗೆ ಹೊಡೆಸಿದರೆ ಹಿಡಿಯುವುದು ಕಷ್ಟ. ಹಡಗು ಹೊರಡುವಾಗಲೇ ಸಮುದ್ರಕ್ಕೆ ಇಳಿಯುವ ಸ್ಥಿತಿಯಲ್ಲಿ ಇರಲಿಲ್ಲ, ಅದನ್ನು ಸರಿಮಾಡಲು ಕಂಪನಿ ತಕ್ಕ ಎಚ್ಚರ ವಹಿಸಲಿಲ್ಲ ಅಂತಾದರೆ ಕೇಸು ನಿಲ್ಲುತ್ತದೆ. ಹಡಗು ಸಮುದ್ರದ ತಳದಲ್ಲಿ ಮಲಗಿರುವಾಗ ಚಿಕ್ಕ ವ್ಯಾಪಾರಿ ಇದನ್ನೆಲ್ಲ ಹೇಗೆ ಸಾಬೀತು ಮಾಡುತ್ತಾನೆ ಹೇಳಿ.

2025ರಲ್ಲಿ ಸಂಸತ್ತು ಇದನ್ನು ಬದಲಾಯಿಸಿತು. ಹಡಗಿನವರು ಸರಕಿಗೆ ಕೊಡುವ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್‌ನ 1856ರ ಕಾಯ್ದೆ ಹೋಯಿತು, 1925ರದ್ದೂ ಹೋಯಿತು. ಹೊಸ ಕಾಯ್ದೆಗಳು ಬಂದವು. ಭಾಷೆ ಸರಳವಾಯಿತು, ಒಳಗಿನ ವಿಷಯ ಹೆಚ್ಚುಕಮ್ಮಿ ಹಳೆಯದೇ. ಇಂಥ ಅವಕಾಶ ಇನ್ನೆಷ್ಟು ವರ್ಷಕ್ಕೆ ಬರುತ್ತದೋ. ಇನ್ನೊಂದು ಅಂತಾರಾಷ್ಟ್ರೀಯ ಒಪ್ಪಂದವಾದ 1978ರ ಹ್ಯಾಂಬರ್ಗ್ ನಿಯಮಗಳು ಹಡಗು ನಡೆಸುವ ತಪ್ಪಿನ ವಿನಾಯಿತಿಯನ್ನು ತೆಗೆದುಹಾಕಿದ್ದವು. ತಡವಾದರೂ ಹಡಗಿನವರೇ ಹೊಣೆ ಅಂತ ಹೇಳಿದ್ದವು. ನಾವು ಅದನ್ನು ಒಪ್ಪಲಿಲ್ಲ. ಸ್ವಂತ ಹಡಗು ಜಾಸ್ತಿ ಇರುವ ದೇಶಗಳು ಒಪ್ಪದಿದ್ದರೆ ಅದಕ್ಕೊಂದು ಅರ್ಥವಿದೆ. ನಮ್ಮ ವಿದೇಶ ವ್ಯಾಪಾರದ ಶೇಕಡಾ 95ರಷ್ಟು ಹೋಗುವುದೇ ಬೇರೆಯವರ ಹಡಗಿನಲ್ಲಿ. ನಾವು ಸರಕಿನ ಕಡೆಯವರು, ಹಡಗಿನ ಕಡೆಯವರಲ್ಲ. ಹಾಗಿದ್ದೂ ಹಡಗಿನವರಿಗೆ ಅನುಕೂಲವಾದ ನಿಯಮವನ್ನೇ ಹಿಡಿದುಕೊಂಡು ಕೂತಿದ್ದೇವೆ.

ಸರಿ, ಹಡಗಿನವರು ಕೊಡುವುದಿಲ್ಲ. ನಮ್ಮದೇ ಪಾಲಿಸಿ ಇದೆಯಲ್ಲ? ಇಲ್ಲಿ ಕೆಂಪು ಸಮುದ್ರದ ಕಥೆ ಬರುತ್ತದೆ.

2023ರ ನವೆಂಬರ್ 19ರಂದು ಯೆಮನ್‌ನ ಹೂತಿ ಬಂಡುಕೋರರು ಹೆಲಿಕಾಪ್ಟರ್‌ನಲ್ಲಿ ಇಳಿದು ಗ್ಯಾಲಕ್ಸಿ ಲೀಡರ್ ಹಡಗನ್ನು ವಶಪಡಿಸಿಕೊಂಡರು. ಆಮೇಲೆ ಕ್ಷಿಪಣಿ, ಡ್ರೋನ್. ದೊಡ್ಡ ಕಂಟೇನರ್ ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗಲು ಶುರುಮಾಡಿದವು. ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ. ಆ ದಾರಿಯಲ್ಲೇ ಹೋಗುತ್ತೇವೆ ಅಂದವರಿಗೆ ಯುದ್ಧದ ಅಪಾಯದ ಪ್ರೀಮಿಯಂ ಏರಿತು. ಮೊದಲು ಹಡಗಿನ ಬೆಲೆಯ ಶೇಕಡಾ 0.05ರ ಆಸುಪಾಸಿನಲ್ಲಿದ್ದದ್ದು 2024ರ ಹೊತ್ತಿಗೆ ಶೇಕಡಾ 1ರ ಹತ್ತಿರ ಬಂತು. ಹತ್ತು ಕೋಟಿ ಡಾಲರ್‌ನ ಹಡಗಿಗೆ ಒಂದು ಸಲ ದಾಟಲು ಹತ್ತು ಲಕ್ಷ ಡಾಲರ್! 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ಹೊಡೆದಾಡಿಕೊಂಡಾಗ ಹೊರ್ಮುಜ್ ಜಲಸಂಧಿಯ ಕಡೆಯೂ ದರ ಏರಿತು. ಜುಲೈನಲ್ಲಿ ಕೆಂಪು ಸಮುದ್ರದಲ್ಲಿ ಮ್ಯಾಜಿಕ್ ಸೀಸ್ ಮತ್ತು ಎಟರ್ನಿಟಿ ಸಿ ಎರಡೂ ಹಡಗನ್ನು ಹೂತಿಗಳು ಮುಳುಗಿಸಿದರು.

ಇದೆಲ್ಲ ಪೇಪರಿನಲ್ಲಿ ಬಂದ ಸುದ್ದಿ. ಬಾರದೇ ಇದ್ದದ್ದು ನಮ್ಮ ಗೋಣಿಚೀಲದ ಸುದ್ದಿ.

ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದರ ದೊಡ್ಡ ಗಿರಾಕಿ ಇಟಲಿ, ಆಮೇಲೆ ಜರ್ಮನಿ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ 60 ಕೆ.ಜಿ.ಯ 320 ಚೀಲ. ಒಳಗೆ ಕ್ರಾಫ್ಟ್ ಪೇಪರ್ ಹಾಸುತ್ತಾರೆ, ತೇವ ಹೀರುವ ಚೀಲ ತೂಗುಹಾಕುತ್ತಾರೆ. ಬಿಸಿ ಸಮುದ್ರದಿಂದ ತಣ್ಣಗಿನ ಸಮುದ್ರಕ್ಕೆ ಹೋಗುವಾಗ ಕಂಟೇನರಿನ ತಗಡು ತಣ್ಣಗಾಗಿ ಒಳಗಿನ ಆವಿ ನೀರಾಗಿ ಮೇಲಿಂದ ತೊಟ್ಟಿಕ್ಕುತ್ತದೆ. ನಾವು ಅದಕ್ಕೆ ಸ್ವೆಟ್ ಅನ್ನುತ್ತೇವೆ. ಸೂಯೆಜ್ ದಾರಿಯ ಲೆಕ್ಕಕ್ಕೆ ಹಾಕಿದ ತೇವ ಹೀರುವ ಚೀಲ, ಆಫ್ರಿಕಾ ಸುತ್ತುವ ದಾರಿಯಲ್ಲಿ ಅರ್ಧಕ್ಕೇ ತುಂಬಿಹೋಗುತ್ತದೆ. ಅಲ್ಲಿ ಬಾಗಿಲು ತೆಗೆದರೆ ಮೇಲಿನ ಎರಡು ಸಾಲು ಚೀಲಕ್ಕೆ ಬೂಷ್ಟು.

ಈಗ ಪಾಲಿಸಿ ತೆಗೆಯಿರಿ. ಅತಿ ದೊಡ್ಡ ರಕ್ಷಣೆ ಕೊಡುವ ಪಾಲಿಸಿಗೂ, ಅಂದರೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ (ಸರಕಿನ ವಿಮೆಯ ಸಿದ್ಧ ಷರತ್ತುಗಳು) 'ಎ'ಗೂ, ಹೊರಗಿಟ್ಟ ವಿಷಯಗಳ ಪಟ್ಟಿ ಇದೆ. ಅದರ 4.5 ಏನು ಹೇಳುತ್ತದೆ ಗೊತ್ತಾ? ತಡವಾದದ್ದರಿಂದ ಆದ ನಷ್ಟ ಕೊಡುವುದಿಲ್ಲ. ತಡ ಆಗಲು ಕಾರಣ ಪಾಲಿಸಿಯಲ್ಲಿ ಇರುವ ಅಪಾಯವೇ ಆಗಿದ್ದರೂ ಕೊಡುವುದಿಲ್ಲ. ಅದರ ಹಿಂದಿನ 4.4, ಸರಕಿನ ಸ್ವಂತ ಗುಣದಿಂದ ಆದ ಹಾಳಿಗೂ ಇಲ್ಲ ಅನ್ನುತ್ತದೆ. ಕಾಫಿಯಲ್ಲೇ ತೇವ ಇತ್ತು ಅಂತ ಅವರು, ತಗಡಿನಿಂದ ನೀರು ಬಿತ್ತು ಅಂತ ನಾವು. ದಾರಿ ಉದ್ದವಾದಷ್ಟೂ ಈ ಜಗಳ ಜಾಸ್ತಿ. ಸ್ವೆಟ್ ಅಂತ ಸಾಬೀತಾದರೆ ದುಡ್ಡು ಬರುತ್ತದೆ, ತಡ ಅಂತಾದರೆ ಕೈಗೆ ಚೊಂಬು. ಎಷ್ಟೋ ಸಲ ನನ್ನ ರಿಪೋರ್ಟಿನ ಒಂದು ಸಾಲಿನ ಮೇಲೆ ಒಬ್ಬರ ವರ್ಷದ ಲಾಭ ನಿಂತಿರುತ್ತದೆ. ಆ ಸಾಲು ಬರೆಯುವಾಗ ಎರಡೂ ಕಡೆಯಿಂದ ಫೋನ್ ಬರುತ್ತದೆ, ಅದು ಬೇರೆ ಕಥೆ.

ಇಲ್ಲೊಂದು ತಮಾಷೆ ಹೇಳಲೇಬೇಕು. 1869ರಲ್ಲಿ ಸೂಯೆಜ್ ತೆರೆಯುವ ಮೊದಲು ನಮ್ಮ ಕರಾವಳಿಯಿಂದ ಹೊರಟ ಕಾಫಿ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಆಫ್ರಿಕಾ ಸುತ್ತಿಯೇ ಯುರೋಪಿಗೆ ಹೋಗುತ್ತಿತ್ತು. ಸಮುದ್ರದ ತೇವ ಕುಡಿದು ಬೀಜ ಊದಿ ಹಳದಿಯಾಗುತ್ತಿತ್ತು. ಅಲ್ಲಿನ ಜನಕ್ಕೆ ಅದರ ರುಚಿಯೇ ಹಿಡಿಸಿಬಿಟ್ಟಿತ್ತು. ಆಮೇಲೆ ದಾರಿ ಚಿಕ್ಕದಾಗಿ ಆ ರುಚಿ ಹೋಯಿತು ಅಂತ ಇಲ್ಲೇ ಮಳೆಗಾಲದ ಗಾಳಿಗೆ ಹರವಿ ಮಾನ್ಸೂನ್ಡ್ ಮಲಬಾರ್ ಮಾಡಿದರು. ಈಗಲೂ ಅದಕ್ಕೆ ಒಳ್ಳೆ ಬೆಲೆ. ಅಂದಿನವರಿಗೆ ವಿಶೇಷ ರುಚಿಯಾಗಿದ್ದದ್ದು ಇಂದು ಅದೇ ದಾರಿಯಲ್ಲಿ ಹೋದರೆ ಡ್ಯಾಮೇಜ್!

ಗೇರಿನವರ ಕಷ್ಟ ಇನ್ನೊಂದು ರೀತಿ. ನಮ್ಮ ಗೇರು ಕಾರ್ಖಾನೆಗಳು ಬೀಜ ತರಿಸುವುದು ಆಫ್ರಿಕಾದಿಂದ, ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಹೀಗೆ. ಕೆಲವರು ಸಿಐಎಫ್ ಬೆಲೆಗೆ, ಅಂದರೆ ವಿಮೆ, ಹಡಗಿನ ಬಾಡಿಗೆ ಎಲ್ಲ ಸೇರಿದ ಬೆಲೆಗೆ, ಕೊಳ್ಳುತ್ತಾರೆ. ಇನ್ಶೂರೆನ್ಸ್ ಮಾಡಿಸುವುದು ಮಾರುವವನ ಕೆಲಸ, ನಮಗ್ಯಾಕೆ ತಲೆನೋವು ಅಂತ. ಸಿಐಎಫ್‌ನಲ್ಲಿ ಮಾರುವವನು ಕೊಡಬೇಕಾದ್ದು ಕನಿಷ್ಠ 'ಸಿ' ಕ್ಲಾಜಸ್ ಮಾತ್ರ. ಬೆಂಕಿ, ಮುಳುಗಡೆ, ಡಿಕ್ಕಿ, ನೆಲಕ್ಕೆ ತಾಗುವುದು, ಇಂಥವಕ್ಕಷ್ಟೇ ಅದು. ಮಳೆನೀರು ನುಗ್ಗಿದರೆ ಇಲ್ಲ. ಸ್ವೆಟ್‌ಗೆ ಇಲ್ಲ. ಕಳವಿಗೂ ಇಲ್ಲ. ಗೇರುಬೀಜಕ್ಕೆ ಆಗುವ ನಷ್ಟ ಬಹುಪಾಲು ಈ ಮೂರೇ ತಾನೇ? ಹಡಗು ಮುಳುಗುವುದು ಎಷ್ಟು ಸಲ? ಒದ್ದೆ ಮೂಟೆ ಮುಂದಿಟ್ಟುಕೊಂಡು ಆ ಕಾಗದ ಓದಿ ಹೇಳುವಾಗ ಪಾರ್ಟಿಯ ಮುಖ ನೋಡಲಾಗುವುದಿಲ್ಲ. ಕೊಳ್ಳುವಾಗಲೇ 'ಎ' ಬೇಕು ಅಂತ ಕರಾರಿನಲ್ಲಿ ಬರೆಸಿ, ಇಲ್ಲವೇ ನೀವೇ ಮಾಡಿಸಿ. ಹೆಚ್ಚಿಗೆ ಆಗುವ ಪ್ರೀಮಿಯಂ ಒಂದು ಮೂಟೆ ನಷ್ಟಕ್ಕೂ ಸಮ ಬರಲಿಕ್ಕಿಲ್ಲ.

ಕಳಿಸುವವರು ಎಫ್‌ಒಬಿಯಲ್ಲಿ, ಅಂದರೆ ಹಡಗಿಗೆ ಏರಿಸಿಕೊಡುವವರೆಗಿನ ಬೆಲೆಗೆ, ಮಾರಿದರೆ ಸರಕು ಹಡಗಿಗೆ ಏರಿದ ಮೇಲೆ ಅಪಾಯ ಕೊಂಡವನದ್ದು. ಅಲ್ಲಿಯವರೆಗೆ, ಅಂದರೆ ಸಕಲೇಶಪುರದಿಂದ ಶಿರಾಡಿ ಇಳಿದು ಪಣಂಬೂರಿನ ಯಾರ್ಡಿನಲ್ಲಿ ಮಳೆಗೆ ನಿಂತಿರುವಷ್ಟು ದಿನ, ನಿಮ್ಮದು. ಇಷ್ಟು ಸಾಕು ಇದರ ಬಗ್ಗೆ.

ಎಲ್ಲರಿಗೂ ಅನ್ಯಾಯ ಅನ್ನಿಸುವ ಇನ್ನೊಂದು ಪದ್ಧತಿ ಇದೆ, ಜನರಲ್ ಅವರೇಜ್. ಹಡಗು ಮತ್ತು ಸರಕು ಉಳಿಸಲು ಬೇಕಂತಲೇ ಮಾಡಿದ ಖರ್ಚು ಅಥವಾ ತ್ಯಾಗವನ್ನು ಹಡಗಿನವರೂ ಸರಕಿನವರೂ ಬೆಲೆಗೆ ತಕ್ಕ ಹಾಗೆ ಹಂಚಿಕೊಳ್ಳಬೇಕು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡಿತಲ್ಲ, ಆಗ ಮಾಲೀಕರು ಇದನ್ನೇ ಘೋಷಿಸಿದರು. ಕಂಟೇನರಿನಲ್ಲಿದ್ದ ಸರಕಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಪ್ರತಿಯೊಬ್ಬ ಸರಕಿನ ಮಾಲೀಕ ಗ್ಯಾರಂಟಿ ಕೊಟ್ಟೇ ಸರಕು ಬಿಡಿಸಿಕೊಳ್ಳಬೇಕು. ಪಾಲಿಸಿ ಇದ್ದವರಿಗೆ ಇನ್ಶೂರೆನ್ಸ್ ಕಂಪನಿ ಗ್ಯಾರಂಟಿ ಕೊಡುತ್ತದೆ. ಇಲ್ಲದವರು ಕೈಯಿಂದ ನಗದು ಇಡಬೇಕು. 2024ರಲ್ಲಿ ಬಾಲ್ಟಿಮೋರ್‌ನ ಸೇತುವೆಗೆ ಗುದ್ದಿದ ಡಾಲಿ ಹಡಗಿನವರೂ ಜನರಲ್ ಅವರೇಜ್ ಘೋಷಿಸಿದರು. ಸೇತುವೆ ಬಿದ್ದದ್ದಕ್ಕೂ ನನ್ನ ಬಟ್ಟೆಯ ಡಬ್ಬಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸೇತುವೆಯ ಪರಿಹಾರ ಇದರಲ್ಲಿ ಬರುವುದಿಲ್ಲ, ಸಿಕ್ಕಿಬಿದ್ದ ಹಡಗನ್ನು ಬಿಡಿಸಿಕೊಳ್ಳುವ ಖರ್ಚು ಬರುತ್ತದೆ. ಒಂದು ಸಮಾಧಾನ, ಇದಕ್ಕೆ ರಕ್ಷಣೆ 'ಸಿ' ಕ್ಲಾಜಸ್ ಪಾಲಿಸಿಯಲ್ಲೂ ಇದೆ. ನನ್ನ ಅನುಭವದಲ್ಲಿ, ಪಾಲಿಸಿಯೇ ಬೇಡ ಅನ್ನುವವರ ಮನಸ್ಸು ಬದಲಾಗುವುದು ಈ ಒಂದು ವಿಷಯ ಕೇಳಿದ ಮೇಲೆ.

ಇನ್ನು ಬೆಂಕಿ. ಇದರಲ್ಲಿ ನಮ್ಮವರದ್ದೂ ತಪ್ಪಿದೆ, ಒಪ್ಪಿಕೊಳ್ಳಬೇಕು. ಅಪಾಯದ ಸರಕು ಅಂತ ಬರೆದರೆ ಬಾಡಿಗೆ ಜಾಸ್ತಿ, ಕೆಲವು ಹಡಗಿನವರು ಹತ್ತಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಲಿಥಿಯಂ ಬ್ಯಾಟರಿ "ಕಂಪ್ಯೂಟರ್ ಬಿಡಿಭಾಗ" ಆಗುತ್ತದೆ, ರಾಸಾಯನಿಕ ಇನ್ನೇನೋ ಆಗುತ್ತದೆ. ಸಾವಿರಾರು ಡಬ್ಬದ ನಡುವೆ ಒಬ್ಬ ಬರೆದ ಸುಳ್ಳಿಗೆ ಉಳಿದವರೆಲ್ಲ ಸುಡುತ್ತಾರೆ. ಇಂಥ ಸುಳ್ಳಿಗೆ ಕಂಪನಿಗಳು ಹಾಕುವ ದಂಡ ಸಾಲದು, ಜೈಲೇ ಆಗಬೇಕು ಅನ್ನುವವನು ನಾನು.

ಸುಳ್ಳಿಲ್ಲದೆಯೂ ಹೇಗೆ ಹಾಳಾಗಬಹುದು ಅನ್ನುವುದಕ್ಕೆ ಎಕ್ಸ್-ಪ್ರೆಸ್ ಪರ್ಲ್ ಹಡಗಿನ ಕಥೆ ಸಾಕು. 2021ರಲ್ಲಿ ಅದರ ಒಂದು ಕಂಟೇನರಿನಿಂದ ನೈಟ್ರಿಕ್ ಆ್ಯಸಿಡ್ ಸೋರುತ್ತಿತ್ತು. ಕತಾರಿನ ಹಮದ್ ಬಂದರಿನಲ್ಲಿ ಇಳಿಸಲು ಕೇಳಿದರು, ಆಗಲಿಲ್ಲ. ನಮ್ಮ ಗುಜರಾತಿನ ಹಜೀರಾದಲ್ಲಿ ಕೇಳಿದರು, ಅಲ್ಲೂ ಆಗಲಿಲ್ಲ. ಕೊನೆಗೆ ಕೊಲಂಬೊ ಹೊರಗೆ ಹೊತ್ತಿ ಉರಿದು ಮುಳುಗಿತು. ಟನ್‌ಗಟ್ಟಲೆ ಪ್ಲಾಸ್ಟಿಕ್ ಕಾಳು ಶ್ರೀಲಂಕಾದ ಮರಳಿಗೆ ಬಿತ್ತು. ಲಂಡನ್ನಿನ ಕೋರ್ಟು ಮಾಲೀಕರ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ ಮಿತಿಗೊಳಿಸಿತ್ತು, ಯಾಕೆಂದರೆ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಮಿತಿ ಲೆಕ್ಕವಾಗುವುದು ಹಡಗಿನ ಗಾತ್ರದ ಮೇಲೆ, ಆದ ಹಾನಿಯ ಮೇಲಲ್ಲ. 2025ರ ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ನೂರು ಕೋಟಿ ಡಾಲರ್ ಕೊಡಿ ಅಂತು. ಕಂಪನಿ ಕೊಡುವುದಿಲ್ಲ ಅಂತು.

ಎಲ್ಸಾ 3ರಲ್ಲೂ ಅದೇ ಪ್ಲಾಸ್ಟಿಕ್ ಕಾಳು ತಿರುವನಂತಪುರದ ದಡಕ್ಕೆ ಬಂತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು, ಅದೇ ಕಂಪನಿಯ ಇನ್ನೊಂದು ಹಡಗನ್ನು ವಿಳಿಞ್ಞಂನಲ್ಲಿ ಹಿಡಿದಿಡಿಸಿತು. ಕೋರ್ಟು ಸುಮಾರು 1,227 ಕೋಟಿಯ ಭದ್ರತೆ ಕೇಳಿತು. ಕೇರಳ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಹಡಗು ಕೈಯಲ್ಲಿದ್ದಾಗ ಮಾತ್ರ ಎದುರಿನವರು ಮಾತಿಗೆ ಬರುತ್ತಾರೆ. ಅಷ್ಟರಲ್ಲಿ ಮೀನು ಹಿಡಿಯಲು ಹೋಗಲಾಗದ ಕುಟುಂಬಗಳಿಗೆ ಸರ್ಕಾರದಿಂದ ಸಿಕ್ಕಿದ್ದು ಒಂದು ಸಾವಿರ ರೂಪಾಯಿ, ಆರು ಕೆ.ಜಿ. ಅಕ್ಕಿ. ಇದೇ ಹಡಗು ಮಲ್ಪೆ ಎದುರು ಮುಳುಗಿದ್ದರೆ ನಮ್ಮ ಸರ್ಕಾರದ ಹತ್ತಿರ ಕೇಸು ಹಾಕುವ ತಯಾರಿ ಇತ್ತಾ?

ಹೀಗೆ ಕಟ್ಟಿಹಾಕಲು ಕನಿಷ್ಠ ಒಬ್ಬ ಮಾಲೀಕನಾದರೂ ಇದ್ದ. 2022ರ ಡಿಸೆಂಬರ್‌ನಲ್ಲಿ ರಷ್ಯಾದ ಎಣ್ಣೆಗೆ ಪಾಶ್ಚಾತ್ಯ ದೇಶಗಳು ಬೆಲೆಮಿತಿ ಹಾಕಿದ ಮೇಲೆ, ಅದನ್ನು ತಪ್ಪಿಸಿ ಸಾಗಿಸುವ ಹಳೇ ಟ್ಯಾಂಕರ್‌ಗಳ ನೆರಳು ಪಡೆಯೊಂದು ದೊಡ್ಡದಾಗಿ ಬೆಳೆದಿದೆ. ಇವತ್ತು ಒಂದು ಬಾವುಟ, ನಾಳೆ ಇನ್ನೊಂದು. ಮಾಲೀಕ ಯಾರು ಅಂದರೆ ಯಾವುದೋ ದ್ವೀಪದ ಅಂಚೆಪೆಟ್ಟಿಗೆ. ಟನ್ ಲೆಕ್ಕದಲ್ಲಿ ಜಗತ್ತಿನ ಹಡಗುಗಳ ಸುಮಾರು ಶೇಕಡಾ 90ಕ್ಕೆ ಮೂರನೆಯವರ ನಷ್ಟದ ವಿಮೆ ಕೊಡುವುದು ಹಡಗಿನ ಮಾಲೀಕರೇ ಸೇರಿ ನಡೆಸುವ ಹನ್ನೆರಡು ಪಿ ಅಂಡ್ ಐ ಕ್ಲಬ್‌ಗಳ ಒಕ್ಕೂಟ. ಈ ಟ್ಯಾಂಕರ್‌ಗಳಲ್ಲಿ ಬಹಳಷ್ಟು ಅದರ ಹೊರಗಿವೆ. ಇಂಥ ಹಡಗು ನಮ್ಮ ಕರಾವಳಿಯಲ್ಲಿ ಒಡೆದರೆ ಬಿಲ್ಲು ಯಾರ ಹೆಸರಿಗೆ? ಅಗ್ಗದ ಎಣ್ಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಬಂದರಿನೊಳಗೆ ಬಿಡುವ ಮೊದಲು ಆ ಇನ್ಶೂರೆನ್ಸ್ ಕಾಗದದ ಹಿಂದೆ ನಿಜವಾಗಿ ದುಡ್ಡಿದೆಯಾ ಅಂತ ನೋಡಬೇಕು, ಅಷ್ಟೇ.

ಹಡಗಿನಲ್ಲಿ ಕೆಲಸ ಮಾಡುವ ಹುಡುಗರನ್ನು ಯಾರೂ ನೆನೆಯುವುದಿಲ್ಲ. ಸಾರಿಗೆ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟದ ಲೆಕ್ಕದಂತೆ 2024ರಲ್ಲಿ 312 ಹಡಗುಗಳಲ್ಲಿ 3,133 ಜನರನ್ನು ಮಾಲೀಕರು ಸಂಬಳ, ಊಟ ಇಲ್ಲದೆ ನಡುನೀರಲ್ಲಿ ಬಿಟ್ಟು ಹೋದರು. ಅದರಲ್ಲಿ 899 ಜನ ಭಾರತೀಯರು, ಬೇರೆ ಯಾವ ದೇಶದವರೂ ಅಷ್ಟಿಲ್ಲ. ನಿಯಮದ ಪ್ರಕಾರ ಹಡಗಿಗೆ ಇದಕ್ಕೂ ವಿಮೆ ಇರಬೇಕು, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಮನೆಗೆ ಬರುವ ಖರ್ಚು ಅದರಿಂದ ಸಿಗಬೇಕು. ಕಾರವಾರ, ಉಡುಪಿ, ಮಂಗಳೂರಿನ ಹುಡುಗರು ಏಜೆಂಟಿಗೆ ಲಕ್ಷ ಕೊಟ್ಟು ಹತ್ತುವ ಮೊದಲು ಆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಆ ಹಡಗು ಹತ್ತಬೇಡಿ.

ಮತ್ತೆ ಸರಕಿನವರಿಗೆ, ಕೊನೆಯದಾಗಿ. ಕಂಟೇನರ್ ತೆಗೆದಾಗ ಒದ್ದೆ ಕಂಡರೆ ಬಾಗಿಲು ಪೂರ್ತಿ ತೆಗೆಯುವ ಮೊದಲೇ ಫೋಟೋ ತೆಗೆಯಿರಿ, ಸೀಲ್ ನಂಬರ್ ಕಾಣುವ ಹಾಗೆ. ಸರ್ವೆಯರ್ ಬರುವವರೆಗೆ ಒದ್ದೆ ಚೀಲ ಬೇರೆ ಇಡಿ, ಎಸೆಯಬೇಡಿ. ಹಡಗಿನ ಕಂಪನಿಗೆ ಮೂರು ದಿನದೊಳಗೆ ಬರಹದಲ್ಲಿ ತಕರಾರು ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ವಾಟ್ಸಾಪ್ ಮಾತ್ರ ನಂಬಿ ಕೂರಬೇಡಿ. ಅವರ ಮೇಲೆ ಕೇಸು ಹಾಕುವುದಿದ್ದರೆ ಡೆಲಿವರಿಯಿಂದ ಒಂದೇ ವರ್ಷ ಅವಕಾಶ. ಇನ್ಶೂರೆನ್ಸಿನವರು ಕ್ಲೈಮ್ ನೋಡ್ತಾ ಇದ್ದಾರೆ ಅಂತ ಆ ವರ್ಷ ನಿಲ್ಲುವುದಿಲ್ಲ. ಈ ವರ್ಷದ ಫೈಲ್ ಯಾರದ್ದಾದರೂ ಇನ್ನೂ ಬಾಕಿ ಇದ್ದರೆ ಡೆಲಿವರಿ ತಾರೀಕು ಇವತ್ತೇ ನೋಡಿಕೊಳ್ಳಿ.