ಕಬ್ಬಿನ ಗದ್ದೆಯ ಮೇಲೆ ಹಾರುವವರು ಮೊದಲು ಏನು ಕಲಿಯಬೇಕು?

ಬನ್ನಿಮಂಟಪದ ಮೈದಾನಕ್ಕೆ ವಾಯುಪಡೆಯ ಆಕಾಶಗಂಗಾ ತಂಡದವರು ಬಂದಿಳಿದದ್ದನ್ನು ದಸರಾ ಏರ್‌ಶೋದಲ್ಲಿ ಕಂಡ ಮೈಸೂರಿನವರಿಗೆ ಸ್ಕೈಡೈವಿಂಗ್ ಅಪರಿಚಿತವಲ್ಲ. ತರಬೇತುದಾರರ ಎದೆಗೆ ಬಿಗಿಸಿಕೊಂಡು ಹಾರುವ ಟ್ಯಾಂಡಮ್ ಜಿಗಿತವೂ ನಮ್ಮ ಹುಡುಗರಿಗೆ ಗೊತ್ತು. ಆದರೆ ಒಬ್ಬರೇ ಹಾರಲು ಬೇಕಾದ ಮೊದಲ ಲೈಸೆನ್ಸಿನ, ಅಂದರೆ ಎ ಲೈಸೆನ್ಸಿನ, ಮಾತು ಬಂದಾಗಲೂ ಎಲ್ಲರೂ ಕೇಳುವುದು ಎಷ್ಟು ಎತ್ತರ, ಎಷ್ಟು ವೇಗ ಅಂತಲೇ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಕಲಿಸುವ ಕ್ರಮವನ್ನೂ ನಮ್ಮೂರಿನ ನೆಲವನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಅನಿಸುವುದಿಷ್ಟು: ಮೈಸೂರು, ಮಂಡ್ಯದ ಕಡೆ ಹಾರಬೇಕೆನ್ನುವವರು ಬಿಚ್ಚಿದ ಪ್ಯಾರಾಚೂಟನ್ನು ನಡೆಸುವುದಕ್ಕೆ ಅಮೆರಿಕದ ಪಾಠಕ್ರಮ ಕೊಡುವುದಕ್ಕಿಂತ ಹೆಚ್ಚು ಸಮಯ ಕೊಡಬೇಕು.

ಲೆಕ್ಕ ಹಾಕಿ ನೋಡಿ. ವಿಮಾನದಿಂದ 13,000 ಅಡಿಯಲ್ಲಿ ಹೊರಬಿದ್ದರೆ ಮೊದಲ 1,000 ಅಡಿಗೆ 10 ಸೆಕೆಂಡು, ಆಮೇಲೆ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡು. ವಿದ್ಯಾರ್ಥಿಗಳು ಮೊದಮೊದಲ ಜಿಗಿತಗಳಲ್ಲಿ 5,500 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚುತ್ತಾರೆ. ಅಲ್ಲಿಗೆ ಬೀಳುವ ಹೊತ್ತು ಮುಕ್ಕಾಲು ನಿಮಿಷ. ಅಮೆರಿಕದಲ್ಲಿ ಎ ಲೈಸೆನ್ಸಿಗೆ ಕನಿಷ್ಠ 25 ಜಿಗಿತ ಬೇಕು. ಅಷ್ಟನ್ನೂ ಕೂಡಿಸಿದರೆ ಬೀಳುವುದು ಸುಮಾರು 20 ನಿಮಿಷ, ಪ್ಯಾರಾಚೂಟಿನಡಿ ತೇಲುವುದು ಎರಡು ಗಂಟೆ. ಪೆಟ್ಟು ಬೀಳುವುದೂ ಬಹಳ ಸಲ ಸರಿಯಾಗಿ ಬಿಚ್ಚಿಕೊಂಡ ಪ್ಯಾರಾಚೂಟಿನಡಿಯಲ್ಲೇ, ನೆಲದ ಹತ್ತಿರ ಗಡಿಬಿಡಿಯಲ್ಲಿ ತಿರುಗಿಸಿದಾಗ.

ಅಮೆರಿಕದ ಕ್ರಮದಲ್ಲಿ ಎಎಫ್‌ಎಫ್ (ಆಕ್ಸಿಲರೇಟೆಡ್ ಫ್ರೀಫಾಲ್, ಅಂದರೆ ಮೊದಲ ಜಿಗಿತದಿಂದಲೇ ಎತ್ತರದಿಂದ ಬೀಳುತ್ತಾ ಕಲಿಯುವ) ದಾರಿ ಹಿಡಿದವರು ಮೊದಲ ದಿನವೇ ನೆಲದ ಮೇಲೆ ಗಂಟೆಗಟ್ಟಲೆ ಪಾಠ ಕೇಳಿ, ಎರಡೂ ಬದಿಗೆ ತರಬೇತುದಾರರು ಹಿಡಿದುಕೊಂಡಂತೆ ಹಾರುತ್ತಾರೆ. ಆಮೇಲೆ ಒಬ್ಬ ತರಬೇತುದಾರ, ತಿರುವು, ಪಲ್ಟಿ, ಪಕ್ಕಕ್ಕೆ ಸರಿದು ದೂರ ಹೋಗುವ ಟ್ರ್ಯಾಕಿಂಗ್, ಕಡೆಗೆ ಇನ್ನೊಬ್ಬರ ಹತ್ತಿರ ಹೋಗಿ ಸೇರುವುದು. ಗುರಿಯಿಂದ 20 ಮೀಟರಿನೊಳಗೆ ಐದು ಸಲ ಇಳಿದು ತೋರಿಸಬೇಕು, ತನ್ನ ಪ್ಯಾರಾಚೂಟನ್ನು ತಾನೇ ಮಡಿಸಬೇಕು, ಬರವಣಿಗೆಯ ಪರೀಕ್ಷೆಯನ್ನೂ ಬಾಯಿಮಾತಿನ ಪರೀಕ್ಷೆಯನ್ನೂ ದಾಟಬೇಕು. ಬ್ರಿಟನ್ನಿನಲ್ಲಿ ಎಂಟು ಹಂತದ ಎಎಫ್‌ಎಫ್ ಮುಗಿಸಿ, ಒಬ್ಬರೇ 10 ಜಿಗಿತ ಮಾಡಿದರೆ ಎ ಲೈಸೆನ್ಸ್. ಜಿಗಿತದ ಸಂಖ್ಯೆ ಕಡಿಮೆಯಾದರೂ ಅಲ್ಲಿ ಪ್ಯಾರಾಚೂಟ್ ನಡೆಸುವುದಕ್ಕೆ ಪ್ರತ್ಯೇಕ ಅರ್ಹತೆ ಪಡೆಯಬೇಕು. ಆ ಒಂದು ವಿಷಯದಲ್ಲಿ ಬ್ರಿಟನ್ನಿನವರ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ. ಅಮೆರಿಕದಲ್ಲಿ ಪ್ಯಾರಾಚೂಟ್ ನಡೆಸುವ ಪೂರ್ಣ ಕೋರ್ಸ್ ಕಡ್ಡಾಯವಾಗುವುದು ಮುಂದಿನ ಹಂತದ ಬಿ ಲೈಸೆನ್ಸಿಗೆ, 50 ಜಿಗಿತದ ಹೊತ್ತಿಗೆ. ನಮ್ಮ ಕಡೆ ಅಷ್ಟು ದಿನ ಕಾಯುವಂತಿಲ್ಲ.

ಯಾಕೆ ಅಂತೀರಾ? ಕ್ಯಾಲಿಫೋರ್ನಿಯಾ, ಅರಿಜೋನಾದ ಡ್ರಾಪ್‌ಝೋನ್‌ಗಳ, ಅಂದರೆ ಜಿಗಿದು ಇಳಿಯುವ ತಾಣಗಳ, ಸುತ್ತ ಬಹಳ ಕಡೆ ಬಯಲು. ಗುರಿ ತಪ್ಪಿದರೂ ಕುರುಚಲು ಗಿಡದ ನಡುವೆ ಇಳಿದು ನಡೆದು ಬರಬಹುದು. ಮಂಡ್ಯದಲ್ಲಿ ಗುರಿ ತಪ್ಪಿದರೆ ಕೆಳಗಿರುವುದು ಆಳೆತ್ತರ ಮೀರಿದ ಕಬ್ಬು, ತೆಂಗಿನ ತೋಟ, ನೀರು ನಿಂತ ಭತ್ತದ ಗದ್ದೆ, ವಿಶ್ವೇಶ್ವರಯ್ಯ ನಾಲೆ, ಆ ಕಡೆ ಕನ್ನಂಬಾಡಿಯ ಹಿನ್ನೀರು. ವಿದ್ಯುತ್ ತಂತಿ ರಸ್ತೆಯ ಪಕ್ಕ ಇದ್ದೇ ಇರುತ್ತದೆ ಎಂದುಕೊಳ್ಳಿ ಅಂತ ಅಮೆರಿಕದಲ್ಲಿ ಕಲಿಸುತ್ತಾರೆ. ನಮ್ಮಲ್ಲಿ ಅಷ್ಟು ಸಾಲದು. ಪಂಪ್‌ಸೆಟ್ಟಿಗೆ ಎಳೆದ ಲೈನು ಗದ್ದೆಯ ನಡುವೆಯೇ ಹಾದು ಹೋಗುತ್ತದೆ. ಮೇಲಿಂದ ತಂತಿ ಕಾಣುವುದೇ ಇಲ್ಲ, ಕಂಬ ಹುಡುಕಬೇಕು. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಎಂದೇ ಲೆಕ್ಕ.

ಮೈದಾನ ಮುಟ್ಟಲು ಆಗುವುದಿಲ್ಲ ಅನ್ನಿಸಿದರೆ 2,000 ಅಡಿಯಲ್ಲೇ ಬೇರೆ ಜಾಗ ಆರಿಸಿಬಿಡಬೇಕು. ಕೊಯ್ಲಾದ ರಾಗಿ ಹೊಲ ಸಿಕ್ಕರೆ ಪುಣ್ಯ. ಕಟಾವಾದ ಕಬ್ಬಿನ ಗದ್ದೆ ಮೇಲಿಂದ ಬಯಲಿನಂತೆ ಕಂಡರೂ ಕೂಳೆಯ ಮೊನೆ ಚೂಪು, ಸಾಲಿನ ದಿಣ್ಣೆಗೆ ಕಾಲು ತಿರುಚುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ. ಬದುವಿಗೂ ಅದೇ ನಿಯಮ. ಇಳಿಯುವಾಗ ಮುಖ್ಯವಾದದ್ದು ಈ ಕ್ರಮದಲ್ಲಿ: ಪ್ಯಾರಾಚೂಟ್ ಓರೆಯಾಗದೆ ಮಟ್ಟವಾಗಿರಬೇಕು, ಎದುರಿಗೆ ಅಡ್ಡಿ ಇರಬಾರದು, ಟಾಗಲ್‌ಗಳನ್ನು (ಪ್ಯಾರಾಚೂಟನ್ನು ತಿರುಗಿಸುವ, ನಿಧಾನಿಸುವ ಎರಡು ಹಿಡಿಕೆಗಳನ್ನು) ಕನಿಷ್ಠ ಅರ್ಧವಾದರೂ ಎಳೆದು ವೇಗ ತಗ್ಗಿಸಬೇಕು, ಕಾಲು ಮಂಡಿ ಜೋಡಿಸಿ ಉರುಳಬೇಕು. ಗಾಳಿಗೆ ಎದುರಾಗಿ ಇಳಿಯುವುದು ಇವೆಲ್ಲಕ್ಕಿಂತ ಆಮೇಲಿನ ಮಾತು. ಹೊಸಬರು ಇದನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. 100 ಅಡಿಯಲ್ಲಿ ಗಾಳಿಗೆ ಬೆನ್ನು ಕೊಟ್ಟಿದ್ದೇನೆ ಎಂದು ಗೊತ್ತಾದಾಗ ಗಾಬರಿಯಿಂದ ಒಂದು ಟಾಗಲ್ ಪೂರ್ತಿ ಎಳೆಯುತ್ತಾರೆ, ಪ್ಯಾರಾಚೂಟ್ ಮುಳುಗಿದಂತೆ ಕೆಳಗೆ ನುಗ್ಗಿ ನೆಲಕ್ಕೆ ಅಪ್ಪಳಿಸುತ್ತದೆ. ಎರಡೂ ಟಾಗಲ್ ಅರ್ಧ ಹಿಡಿದು, ಒಂದನ್ನು ಸ್ವಲ್ಪ ಸಡಿಲಿಸಿ, ಎತ್ತರ ಹೆಚ್ಚು ಕಳೆದುಕೊಳ್ಳದೆ ಮೆಲ್ಲಗೆ ತಿರುಗುವ ಚಪ್ಪಟೆ ತಿರುವನ್ನು 3,000 ಅಡಿಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿರಬೇಕು. ಮಂಡ್ಯದ ನೆಲಕ್ಕೆ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿಲ್ಲ.

ಎತ್ತರದ ಲೆಕ್ಕವೂ ಬೇರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಎತ್ತರ ತೋರಿಸುವ ಆಲ್ಟಿಮೀಟರನ್ನು ನೆಲದಲ್ಲಿ ಸೊನ್ನೆಗೆ ತಂದುಕೊಂಡು ಹೊರಡುವುದರಿಂದ ಅಂಕಿ ಎಲ್ಲೆಡೆ ಒಂದೇ, ಆದರೆ ಗಾಳಿ ಒಂದೇ ಅಲ್ಲ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದಾಗ ಇಲ್ಲಿನ ಗಾಳಿ 5,500 ಅಡಿ ಎತ್ತರದಲ್ಲಿರಬೇಕಾದಷ್ಟು ತೆಳು. ಅದೇ ಪ್ಯಾರಾಚೂಟ್ ಕಡಲತೀರಕ್ಕಿಂತ ಇಲ್ಲಿ ಸುಮಾರು ಶೇಕಡಾ 8ರಷ್ಟು ಹೆಚ್ಚು ವೇಗದಲ್ಲಿ ಇಳಿಯುತ್ತದೆ. ಹಾಗಾಗಿ ದೊಡ್ಡ ಪ್ಯಾರಾಚೂಟನ್ನೇ ಇಟ್ಟುಕೊಳ್ಳಿ. 70 ಕಿಲೋ ತೂಕದವರು ಸಾಮಾನೆಲ್ಲ ಹೊತ್ತರೆ 180 ಪೌಂಡ್ ಆದೀತು. 240 ಚದರಡಿಯ ಪ್ಯಾರಾಚೂಟಾದರೆ ಚದರಡಿಗೆ 0.75 ಪೌಂಡ್. ಕಲಿಯುವ ಕಾಲಕ್ಕೆ ಅಷ್ಟು ಸರಿ. ಚಿಕ್ಕದಕ್ಕೆ ಆತುರ ಬೇಡ.

ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ನೆಲದ ಗಾಳಿಯ ಮಿತಿ ಗಂಟೆಗೆ 14 ಮೈಲಿ, ಅಂದರೆ 22 ಕಿಲೋಮೀಟರ್. ಈ ಮಿತಿ ಇಟ್ಟುಕೊಂಡರೆ ನಮ್ಮಲ್ಲಿ ಆಷಾಢದ ಗಾಳಿಯ ದಿನಗಳು ಹೋದ ಹಾಗೇ. ಬೇಸಿಗೆ ಮಧ್ಯಾಹ್ನವೂ ಬೇಡ, ಸುಂಟರಗಾಳಿ ಏಳುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಬೆಳಗು ಒಳ್ಳೆಯದು, ಮಂಜು ಸರಿದ ಮೇಲೆ.

ಮೇಲೆ ಆಗುವ ತೊಡಕಿಗೆ ಪಾಠ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಅದನ್ನು ಬದಲಿಸಬೇಕಾಗಿಲ್ಲ. ಬಿಚ್ಚಿದ ಪ್ಯಾರಾಚೂಟ್ ಚೌಕವಾಗಿದೆಯೇ, ಸ್ಥಿರವಾಗಿದೆಯೇ, ಹೇಳಿದ ಕಡೆ ತಿರುಗುತ್ತದೆಯೇ ಎಂದು ನೋಡಬೇಕು. ಹಗ್ಗ ಸುತ್ತಿಕೊಂಡಿದ್ದರೆ ಕಾಲು ಒದ್ದು ಬಿಡಿಸಬಹುದು. ಬಿಡದಿದ್ದರೆ 2,500 ಅಡಿಗೆ ತೀರ್ಮಾನ ಮುಗಿದಿರಬೇಕು: ಬಲಗಡೆಯ ಹಿಡಿಕೆ ನೋಡಿ, ಎಡಗಡೆಯದನ್ನು ನೋಡಿ, ಬೆನ್ನು ಬಾಗಿಸಿ, ಮೊದಲು ಬಲಗಡೆಯದನ್ನು ಎಳೆದು ಮುಖ್ಯ ಪ್ಯಾರಾಚೂಟ್ ಕಳಚಿ, ಎಡಗಡೆಯದನ್ನು ಎಳೆದು ರಿಸರ್ವ್, ಅಂದರೆ ಮೀಸಲು ಪ್ಯಾರಾಚೂಟ್, ಬಿಚ್ಚಬೇಕು. 1,000 ಅಡಿಯ ಕೆಳಗೆ ಕಳಚುವಂತಿಲ್ಲ. ತಾನಾಗಿ ರಿಸರ್ವ್ ಬಿಚ್ಚುವ ಯಂತ್ರ ಇರುತ್ತದೆ, ಅದನ್ನು ನಂಬಿ ಕೈ ಕಟ್ಟಿ ಕೂರಬಾರದು.

ವಿದೇಶಕ್ಕೆ ಹೋಗಿಯೇ ಕಲಿಯುವವರು ಊರಲ್ಲೇ ಅರ್ಧ ಕೆಲಸ ಮುಗಿಸಿಕೊಳ್ಳಬಹುದು. ಹೊಟ್ಟೆಯ ಮೇಲೆ ಮಲಗಿ, ಸೊಂಟ ನೆಲಕ್ಕೆ ಒತ್ತಿ, ಎದೆ ಮೊಣಕಾಲು ಎತ್ತುವ ಕಮಾನು ಭಂಗಿಯನ್ನು ದಿನಾ ಮಾಡಿ. ಜಗಲಿಯಂಥ ಎರಡಡಿ ಎತ್ತರದಿಂದ ಜಿಗಿದು ಪಾದ, ಮೀನಖಂಡ, ತೊಡೆ, ಪೃಷ್ಠ, ಎದುರು ಭುಜದ ಹಿಂಬದಿ, ಈ ಕ್ರಮದಲ್ಲಿ ಉರುಳುವುದನ್ನು ಮೆತ್ತನೆಯ ನೆಲದಲ್ಲಿ ಎರಡೂ ಪಕ್ಕಕ್ಕೆ ರೂಢಿಸಿ. ನಿಮ್ಮ ಡ್ರಾಪ್‌ಝೋನಿನ ಉಪಗ್ರಹ ನಕ್ಷೆ ತೆಗೆದು 1,000 ಅಡಿಗೆ ಗಾಳಿಯ ಜೊತೆ, 600ಕ್ಕೆ ಅಡ್ಡ, 300ಕ್ಕೆ ಗಾಳಿಗೆ ಎದುರು, ಹೀಗೆ ಇಳಿಯುವ ದಾರಿಯನ್ನು ಬೇರೆ ಬೇರೆ ಗಾಳಿಗೆ ಗೆರೆ ಎಳೆದು ನೋಡಿ. ಬೀಳುವ ಭಂಗಿ ತಿದ್ದಿಕೊಳ್ಳಲು ಕೆಳಗಿನಿಂದ ಬೀಸುವ ಗಾಳಿಯಲ್ಲಿ ತೇಲಿಸುವ ಹೈದರಾಬಾದಿನ ವಿಂಡ್ ಟನೆಲ್ ಇದೆ. ವಿಮೆಯ ಪಾಲಿಸಿಯಲ್ಲಿ ಸ್ಕೈಡೈವಿಂಗ್ ಹೊರಗಿಟ್ಟಿದ್ದಾರೆಯೇ ಎಂದು ಓದಿಕೊಳ್ಳಿ.

ರಜೆಯನ್ನು ತುಂಡು ತುಂಡು ಮಾಡಬೇಡಿ, ಮೂರು ವಾರ ಒಟ್ಟಿಗೆ ಹಾಕಿ. ಅಮೆರಿಕದ ಕ್ರಮದಲ್ಲಿ ವಿದ್ಯಾರ್ಥಿ 30 ದಿನ ಹಾರದಿದ್ದರೆ ಮುಂದಿನ ಜಿಗಿತ ತರಬೇತುದಾರರ ಜೊತೆಯಲ್ಲೇ ಆಗಬೇಕು, ಕಲಿತದ್ದನ್ನೇ ಮತ್ತೆ ತೋರಿಸಬೇಕು, ದುಡ್ಡೂ ಹೋಗುತ್ತದೆ. ಎ ಲೈಸೆನ್ಸ್ ಬಂದವರಿಗೆ ಆ ಗಡುವು 60 ದಿನ. ಲೈಸೆನ್ಸ್ ಹಿಡಿದು ಮೈಸೂರಿಗೆ ಬಂದು ವರ್ಷ ಕಳೆದವರು ಮುಂದೆ ಎಲ್ಲೇ ಹಾರಲು ಹೋದರೂ ಮೊದಲೇ ಅಲ್ಲಿನವರಿಗೆ ತಿಳಿಸಿ, ಮರುತರಬೇತಿಗೆ ಒಂದು ದಿನ ಎತ್ತಿಟ್ಟುಕೊಂಡು ಹೋಗಬೇಕು.