ಹಕ್ಕಿಯ ಕಾರ್ಪೆಟ್ ಏರಿಯಾ

ಮುಂಬೈಯವರಿಗೆ ಕಾರ್ಪೆಟ್ ಏರಿಯಾ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಡರು ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲ ಸೇರಿಸಿ ಏನೇ ‘ಸೂಪರ್ ಬಿಲ್ಟಪ್’ ಲೆಕ್ಕ ಒಪ್ಪಿಸಲಿ, ಮಾಟುಂಗಾದ ನಮ್ಮ ಸಂಸಾರಸ್ಥ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದ ಮೇಲೆಯೇ ನಂಬುವುದು. ಅದೇ ಮನುಷ್ಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಗುಮ್ಮಟವಿರುವ, ಉದ್ದಕ್ಕೆ ನಿಂತ ಸಣ್ಣ ಸೊಂಟದ ಪಂಜರ ಕಂಡರೆ ಟೇಪು ಮರೆತುಬಿಡುತ್ತಾನೆ. ಹಕ್ಕಿ ಹೆಲಿಕಾಪ್ಟರ್ ಅಲ್ಲ, ಅಡ್ಡಡ್ಡ ಹಾರುತ್ತದೆ. ಗುಮ್ಮಟವೆಲ್ಲ ಅದರ ಪಾಲಿಗೆ ಸೂಪರ್ ಬಿಲ್ಟಪ್. ಒಂದು ಜೋಡಿಗೆ ಕಡಿಮೆಯೆಂದರೂ 30 ಇಂಚು ಉದ್ದ, 18 ಇಂಚು ಅಗಲ, ಅಷ್ಟೇ ಎತ್ತರ ಬೇಕು. ಕಂಬಿಗಳ ಸಂದು ಅರ್ಧ ಇಂಚು ಮೀರಬಾರದು. ಮೀರಿದರೆ ತಲೆ ತೂರಿಸಿ ಸಿಕ್ಕಿಕೊಳ್ಳುತ್ತವೆ.

ಜೋಡಿ ಅಂದರೆ ಇಲ್ಲಿ ‘ಲವ್ ಬರ್ಡ್ಸ್’. ಬಾಲ್ಕನಿಗಳಲ್ಲಿ ಆ ಹೆಸರು ಹೊತ್ತು ಕೂತಿರುವವು ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಎಂಬ ಪುಟ್ಟ ಗಿಳಿಗಳು; ಇಲ್ಲಿನ ಲೆಕ್ಕವೆಲ್ಲ ಅವುಗಳದ್ದೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಮೋಟು ಬಾಲ, ಗಟ್ಟಿ ಕೊಕ್ಕು, ಹೆಸರಿಗೆ ತದ್ವಿರುದ್ಧವಾಗಿ ಜಗಳಗಂಟ. ಎರಡನ್ನೂ ಒಂದೇ ಪಂಜರಕ್ಕೆ ಬಿಟ್ಟರೆ ಬಜರಿಗಾರಿನ ಕಾಲ್ಬೆರಳಿಗೆ ಗ್ಯಾರಂಟಿಯಿಲ್ಲ. ಊರಿನ ಹಸಿರು ಗಿಳಿಯ ಮಾತಂತೂ ಬೇಡ. ‘ವಿಠ್ಠಲ ವಿಠ್ಠಲ’ ಅಂತ ಎಷ್ಟೇ ಭಕ್ತಿಯಿಂದ ಕಲಿಸಿದರೂ 1972ರ ವನ್ಯಜೀವಿ ಕಾಯ್ದೆಯಂತೆ ಅದನ್ನು ಮನೆಯಲ್ಲಿಡುವುದು ಅಪರಾಧ.

ಪಂಜರದ ಜೊತೆ ಬರುವ ನುಣುಪು ಪ್ಲಾಸ್ಟಿಕ್ ಕಡ್ಡಿಯನ್ನು ಮೊದಲು ತೆಗೆದುಹಾಕಿ. ಇಡೀ ದಿನ ಒಂದೇ ದಪ್ಪದ ಮೇಲೆ ಕೂತರೆ ಪಾದದ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ಬೆರಳು ಗಾತ್ರದ ಬೇವಿನ ಇಲ್ಲವೇ ಸೀಬೆಯ ಕೊಂಬೆ, ಗಂಟುಗಂಟಾಗಿದ್ದಷ್ಟೂ ಒಳ್ಳೆಯದು. ಆ ತುದಿಗೊಂದು ಈ ತುದಿಗೊಂದು ಕಟ್ಟಿ, ನಡುವೆ ಹಾರಲಿ. ಕಾಳಿನ ಬಟ್ಟಲ ನೇರಕ್ಕೆ ಮಾತ್ರ ಕಟ್ಟಬೇಡಿ; ಕೂತಲ್ಲೇ ಹಿಕ್ಕೆ ಹಾಕುವುದು ಹಕ್ಕಿಯ ಜಾತಿಗುಣ.

ಈಗ ಆ ಬಟ್ಟಲು. ಹಕ್ಕಿಗೆ ದಿನಕ್ಕೆ ಒಂದೂವರೆ, ಎರಡು ಟೀ ಚಮಚ ನವಣೆ ಸಾಕು. ಅದು ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಸೀಳಿ, ತಿರುಳು ತಿಂದು, ಹೊಟ್ಟನ್ನು ಅಲ್ಲಿಯೇ ಉದುರಿಸುತ್ತದೆ. ಸಂಜೆಗೆ ಬಟ್ಟಲಲ್ಲಿ ಕಾಣುವುದು ಹೊಂಬಣ್ಣದ, ಗೋಪುರದಷ್ಟು ತುಂಬಿದ ಹೊಟ್ಟು. ಲೋಕಲ್ ಟ್ರೈನಿನಿಂದ ಇಳಿದು ಬಂದವರು ‘ಇನ್ನೂ ಬೇಕಾದಷ್ಟಿದೆ’ ಎಂದು ಮಲಗುತ್ತಾರೆ, ಮರುದಿನವೂ ಅದೇ ಮಾತು. ತುಂಬಿದ ಬಟ್ಟಲಿನ ಮುಂದೆ ಹಕ್ಕಿ ಉಪವಾಸ ಸಾಯುವುದು ಹೀಗೆ. ಮೆಲ್ಲಗೆ ಊದಿ ನೋಡಿ. ಹಾರಿದ್ದು ಹೊಟ್ಟು, ಉಳಿದದ್ದು ಊಟ.

ಮಳೆಗಾಲದಲ್ಲಿ ತಿಂಗಳ ಕಾಳು ಒಟ್ಟಿಗೆ ತರಬೇಡಿ. ಮುಂಬೈಯ ಜುಲೈನಲ್ಲಿ ಹಪ್ಪಳಕ್ಕೇ ಬೂಷ್ಟು ಬರುವಾಗ ನವಣೆ ಬಿಟ್ಟೀತೆ? ಹತ್ತು ದಿನಕ್ಕಾಗುವಷ್ಟು ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗೆ ಹಾಕಿ ಉಳಿಸುವ ಜಿಪುಣತನ ಬೇಡ. ಬೂಷ್ಟಿನ ಕಣ ಶ್ವಾಸಕೋಶಕ್ಕಿಳಿದರೆ ಗುಣಪಡಿಸುವುದು ಕಷ್ಟ. ನುಗ್ಗೆ ಸೊಪ್ಪು, ಕೊತ್ತಂಬರಿ ಚೆನ್ನಾಗಿ ತೊಳೆದು ಕೊಡಬಹುದು. ಬೆಣ್ಣೆಹಣ್ಣು (ಅವಕಾಡೊ), ಚಾಕೊಲೇಟ್ ವಿಷ.

ಪಂಜರ ಅಡುಗೆಮನೆಯ ಹತ್ತಿರ ಬೇಡ. ಒಂದೂವರೆ ಕೋಣೆಯ ಮನೆಯಲ್ಲಿ ಯಾವುದು ತಾನೇ ಅಡುಗೆಮನೆಯ ಹತ್ತಿರವಲ್ಲ ಅನ್ನುತ್ತೀರಿ, ಸರಿಯೇ. ಹಾಗಾದರೆ ನಾನ್‌ಸ್ಟಿಕ್ ತವಾ ಬಿಡಿ. ಅದು ಒಲೆಯ ಮೇಲೆ ಬರಿದೇ ಕಾದರೆ ಲೇಪದಿಂದ ಏಳುವ ಆವಿ ನಮ್ಮ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೆಡವಬಲ್ಲದು. ಅಜ್ಜಿಯ ಕಾಲದ ಕಬ್ಬಿಣದ ಕಾವಲಿಗೆ ಈ ಕಳಂಕವಿಲ್ಲ, ದೋಸೆಯೂ ಅದರಲ್ಲೇ ಗರಿಗರಿ.

ಗೂಡಿಗೆಂದು ಮಡಕೆ ಕಟ್ಟಿದರೆ ಹೆಣ್ಣು ದಿನ ಬಿಟ್ಟು ದಿನ ನಾಲ್ಕಾರು ಮೊಟ್ಟೆ ಇಡುತ್ತದೆ. ಸುಮಾರು 18 ದಿನಕ್ಕೆ ಮರಿ. ಸುಣ್ಣದಂಶಕ್ಕೆ ಕಡಲನೊರೆಯ (ಕಟಲ್ ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಬಿಲ್ಲೆ ಸದಾ ಕಂಬಿಗೆ ಸಿಕ್ಕಿಸಿರಲಿ. ಅದು ಕಡಿಮೆಯಾದರೆ ಮೊಟ್ಟೆ ಒಳಗೇ ಸಿಕ್ಕಿಬಿದ್ದು ಹೆಣ್ಣು ಪಂಜರದ ತಳದಲ್ಲಿ ತಿಣುಕುತ್ತ ಕೂರುತ್ತದೆ. ಆಗ ಕಾಯದೆ ವೈದ್ಯರಲ್ಲಿಗೆ ಓಡಬೇಕು. ಎರಡು ಸೂಲಾದ ಮೇಲೆ ಮಡಕೆ ಇಳಿಸಿಬಿಡಿ. ಇಳಿಸದಿದ್ದರೆ ಅವು ತಾವಾಗಿ ನಿಲ್ಲಿಸುವುದಿಲ್ಲ.

ಕಾಯಿಲೆಯನ್ನು ಹಕ್ಕಿ ಕೊನೆಯವರೆಗೂ ಮುಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿದ್ದು ಕಂಡರೆ ಹದ್ದಿಗೆ ಊಟವಾಗಬೇಕಲ್ಲ. ಗರಿ ಉಬ್ಬಿಸಿ ಕೂತದ್ದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಉಪಾಯ. ಬಜರಿಗಾರ್ ತೂಗುವುದು ಸುಮಾರು 30ರಿಂದ 40 ಗ್ರಾಂ. ವಾರಕ್ಕೊಮ್ಮೆ ಬರೆದಿಟ್ಟು, ಮೂರು ನಾಲ್ಕು ಗ್ರಾಂ ಇಳಿದರೆ ಎಚ್ಚರಾಗಿ. ಪಂಜರದ ಬಾಗಿಲು ತೆರೆಯುವ ಮುನ್ನ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ತಕ್ಕಡಿ ಹತ್ತಿಸಲು ಎಂಟು ಹತ್ತು ಕಾಳು ನವಣೆಯ ಲಂಚ ಸಾಕು, ಅದರ ತೂಕ ಕಳೆಯಬೇಕಾಗಿಯೂ ಇಲ್ಲ.